ಕಮಲಾಕ್ಷಣ್ಣ ನೋಡಿದ ಎಲ್ಲೋರ

ಕಮಲಾಕ್ಷಣ್ಣ ಎಲ್ಲೋರವನ್ನು ನೋಡಿದ್ದಾರೋ ಇಲ್ಲವೋ ಎಂಬ ಪ್ರಶ್ನೆ ತೊಂಬತ್ತನೆಯ ಇಸವಿಯ ಮೇ ತಿಂಗಳ ತನಕ ಕುವೈತಿನಲ್ಲಿ ಯಾರನ್ನೂ ಕಾಡಿರಲಿಲ್ಲ. ಅದನ್ನು ಸಾರ್ವಜನಿಕ ಮಹತ್ವದ ವಿಷಯವಾಗಿ ಮಾಡಿದ್ದು ನಮ್ಮ 'ಕರಾವಳಿ ಬಳಗ', ಮತ್ತು ಆ ಬಳಗಕ್ಕೆ ನಾನು ಕಾರ್ಯದರ್ಶಿ. ಸಂಘದ ಕಾರ್ಯದರ್ಶಿಯಾದವನು ವರ್ಷಕ್ಕೊಮ್ಮೆಯಾದರೂ ಒಬ್ಬ ಒಳ್ಳೆಯ ಮನುಷ್ಯನನ್ನು ಕಷ್ಟಕ್ಕೆ ಸಿಕ್ಕಿಸದೆ ಬಿಡುವುದಿಲ್ಲ. ಆ ವರ್ಷದ ಪಾಳಿ ಕಮಲಾಕ್ಷಣ್ಣನದ್ದಾಗಿತ್ತು.

ಮೀನಾ ಅಬ್ದುಲ್ಲಾದ ರಿಫೈನರಿ ಕೆಲಸಗಾರರಿಗೆ ಊಟ ಒದಗಿಸುವ ಒಂದು ಕಂಪೆನಿಯಲ್ಲಿ ನಾನು ಗುಮಾಸ್ತ, ಅವರು ಕ್ಯಾಂಟೀನ್ ಸೂಪರ್‌ವೈಸರ್. ಇಬ್ಬರ ವಾಸವೂ ಮಂಗಫ್‌ನ ಒಂದೇ ಕಟ್ಟಡದಲ್ಲಿ. ಕಮಲಾಕ್ಷಣ್ಣ ಬೆಳ್ಳಗೆ, ದುಂಡಗೆ, ದಪ್ಪ ಮೀಸೆಯ ಆಸಾಮಿ. ಅತ್ತರು ಹಚ್ಚಿ, ಕೈಗೆ ಬಂಗಾರದ ಬಣ್ಣದ ವಾಚು ಕಟ್ಟಿ ಶುಕ್ರವಾರ ಹೊರಟರೆ ಅಂಗಡಿಯವರು ಅರಬ್ಬಿಯಲ್ಲೇ ಮಾತು ತೆಗೆಯುತ್ತಿದ್ದರು. ಅದರಿಂದ ಅವರಿಗೆ ಬೇಸರವೇನೂ ಆಗುತ್ತಿರಲಿಲ್ಲ.

ತುಳುವರ ಹೊಸವರ್ಷವಾದ ಬಿಸು ಹಬ್ಬ ಆ ವರ್ಷ ರಂಜಾನಿನೊಳಗೆ ಬಿದ್ದದ್ದರಿಂದ ನಾವು ಕಾರ್ಯಕ್ರಮವನ್ನು ಮೇ ತಿಂಗಳಿಗೆ ತಳ್ಳಿ, ಸಾಲ್ಮಿಯಾದಲ್ಲಿ ಒಂದು ಹಾಲ್ ಗೊತ್ತುಮಾಡಿದ್ದೆವು. ಊರಿನಿಂದ ಒಬ್ಬರು ಪ್ರೊಫೆಸರರು ಬಂದು 'ಪಶ್ಚಿಮ ಮತ್ತು ಮಧ್ಯ ಭಾರತದ ಸಾಂಸ್ಕೃತಿಕ ಪರಂಪರೆ' ಎಂಬ ವಿಷಯವಾಗಿ ಮಾತಾಡುವುದೆಂದು ಆಮಂತ್ರಣವೂ ಅಚ್ಚಾಗಿತ್ತು. ಕರಾವಳಿಯವರ ಸಂಘಕ್ಕೆ ಈ ವಿಷಯ ಯಾಕೆಂದು ಯಾರೂ ಕೇಳಲಿಲ್ಲ. ಪ್ರೊಫೆಸರರಿಗೆ ಗೊತ್ತಿದ್ದದ್ದು ಅದೊಂದೇ. ಆದರೆ ಅವರ ವೀಸಾ ಬರಲಿಲ್ಲ. ಹಾಲಿಗೆ ದುಡ್ಡು ಕಟ್ಟಿ ಆಗಿತ್ತು, ಮುಖ್ಯ ಅತಿಥಿಯಾಗಿ ನಮ್ಮ ಕಫೀಲ್ ಅಬು ಯೂಸುಫರೇ ಬರಲು ಒಪ್ಪಿದ್ದರು. ನಮ್ಮೆಲ್ಲರ ಕೆಲಸ, ವಾಸದ ಪರವಾನಗಿಯಾದ ಇಕಾಮಾ, ಪಾಸ್‌ಪೋರ್ಟು ಇರುವುದು ಕಫೀಲನ ಕೈಯಲ್ಲಿ. ಅಂಥವರನ್ನು ಕರೆದು ಕೂರಿಸಿ ಭಾಷಣ ಇಲ್ಲವೆನ್ನುವುದು ಸಾಧ್ಯವಿರಲಿಲ್ಲ. ನಾನು ತಲೆಗೆ ಕೈಹೊತ್ತು ಕಮಲಾಕ್ಷಣ್ಣನ ಮನೆಯಲ್ಲಿ ಕುಳಿತಿದ್ದೆ.

"ಎಲ್ಲೋರದ್ದಾ?" ಎಂದರು ಕಮಲಾಕ್ಷಣ್ಣ ಆಮಂತ್ರಣದಲ್ಲಿದ್ದ ಊರುಗಳ ಹೆಸರು ಓದುತ್ತಾ. "ನಾನು ಅಲ್ಲೇ ಇದ್ದದ್ದಲ್ವಾ ಮಾರಾಯರೇ, ಐದಾರು ವರ್ಷ."

"ಹೌದಾ? ಹಾಗಾದ್ರೆ ಗುಹೆಗಳನ್ನೆಲ್ಲ ನೋಡಿದ್ದೀರಿ."

"ಎದುರೇ ಇದ್ದದ್ದು. ನೋಡದೆ ಎಂತ?"

ಒಳಗೆ ಅವರ ಹೆಂಡತಿ ರಾಜೀವಕ್ಕ ಬೀನ್ಸ್ ಕತ್ತರಿಸುತ್ತಿದ್ದರು. ಕತ್ತಿಯ ಸದ್ದು ಒಂದು ಗಳಿಗೆ ನಿಂತಿತು. ಮತ್ತೆ ಶುರುವಾಯಿತು. ಪ್ರೊಫೆಸರರ ಬದಲು ಕಮಲಾಕ್ಷಣ್ಣನೇ ಭಾಷಣ ಮಾಡುವುದೆಂದು ನಾನು ಅಲ್ಲೇ ಗೊತ್ತುಮಾಡಿಬಿಟ್ಟೆ.

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಕಡೆಯ ಹೋಟೆಲಿನವರಿಗೆ ಪಶ್ಚಿಮ ಮತ್ತು ಮಧ್ಯ ಭಾರತದ ಭೂಪಟವೇ ಬೇರೆ. ಮಹಾರಾಷ್ಟ್ರದಿಂದ ಮಧ್ಯಪ್ರದೇಶದವರೆಗೆ ಎಲ್ಲಿ ಗುಡಿಯೋ ಗುಹೆಯೋ ಕೋಟೆಯೋ ಇದೆಯೋ ಅಲ್ಲಿ ಬಸ್ಸು ನಿಲ್ಲುತ್ತದೆ. ಎಲ್ಲಿ ಬಸ್ಸು ನಿಲ್ಲುತ್ತದೆಯೋ ಅಲ್ಲಿ ನಮ್ಮವರದೊಂದು ಹೋಟೆಲು ಇರುತ್ತದೆ. ಕಮಲಾಕ್ಷಣ್ಣ ಚಡ್ಡಿ ಹಾಕುವ ಕಾಲದಿಂದ ಅಂಥ ಹೋಟೆಲುಗಳಲ್ಲಿ ದುಡಿದವರು. ಅವರ ಪ್ರಕಾರ ಸಾಂಚಿ ಎಂದರೆ ಒಗ್ಗರಣೆ ಇಲ್ಲದ ಮೊಸರನ್ನ ಕೇಳುವ ಜಪಾನಿನವರು ಬರುವ ಊರು. ಉಜ್ಜಯಿನಿ ಎಂದರೆ ಜಾತ್ರೆಯ ದಿನ ಪಾತ್ರೆಗಟ್ಟಲೆ ಹಾಲು ಒಡೆದ ಊರು. ಮಾಂಡುವಿನಲ್ಲಿ ಸೌದೆ ಹಸಿ. ಅಜಂತಾದಲ್ಲಿ ನೀರು ಗಡಸು, ಬೇಳೆ ಬೇಯುವುದಿಲ್ಲ. ಇದೆಲ್ಲ ಸತ್ಯವಾದ, ಅನುಭವದ ಮಾತು. ಇದನ್ನೇ ಅವರು ಸಭೆಯಲ್ಲಿ ಹೇಳಿದ್ದರೂ ನಡೆಯುತ್ತಿತ್ತು. ಆದರೆ ಮೈಕಿನ ಮುಂದೆ ನಿಂತ ಮನುಷ್ಯನಿಗೆ ಬೇಳೆಯ ಮಾತು ಸಣ್ಣದೆನಿಸುತ್ತದೆ.

ಎಲ್ಲೋರದ ಕೈಲಾಸ ದೇವಾಲಯವನ್ನು ಮಾಡಿಸಿದವನು ನಮ್ಮ ಕನ್ನಡದ ದೊರೆ, ರಾಷ್ಟ್ರಕೂಟರ ಕೃಷ್ಣ ಎಂದು ನಾನು ಪೀಠಿಕೆಯಲ್ಲಿ ಹೇಳಿದೆ. ಅಷ್ಟು ಪ್ರೊಫೆಸರರ ಪತ್ರದಲ್ಲಿ ಇತ್ತು. ಚಪ್ಪಾಳೆ ಬಿತ್ತು. ಕಮಲಾಕ್ಷಣ್ಣ ಎದ್ದರು. ಅದರ ಎತ್ತರ, ಅಗಲ, ನೆರಳು, ಎದುರಿನ ಹುಣಸೆಮರ ಎಲ್ಲವನ್ನೂ ಕೈಬೀಸಿ ವರ್ಣಿಸಿದರು. ನಡುವೆ ನರ್ಸ್ ತೆರೆಸಾಬಾಯಿ ಎದ್ದು ನಿಂತರು. ಅವರು ಎಲ್ಲ ಸಭೆಯಲ್ಲೂ ಒಂದು ಪ್ರಶ್ನೆ ಕೇಳುವವರು.

"ಅಷ್ಟು ದೊಡ್ಡ ಕಲ್ಲುಗಳನ್ನು ಆ ಗುಡ್ಡಕ್ಕೆ ಹೇಗೆ ತಂದದ್ದು ಕಮಲಾಕ್ಷಣ್ಣ?"

ಕಮಲಾಕ್ಷಣ್ಣ ಒಂದು ಲೋಟ ನೀರು ಕುಡಿದರು. "ಆನೆಗಳು," ಎಂದರು. "ಒಂದೊಂದು ಕಲ್ಲಿಗೆ ಎಂಟೆಂಟು ಆನೆ. ಕಲ್ಲಿನ ಮೇಲೆ ಕಲ್ಲು ಇಟ್ಟು ಕೆಳಗಿನಿಂದ ಕಟ್ಟುತ್ತಾ ಹೋದದ್ದು. ಆ ಆನೆಗಳ ನೆನಪಿಗೇ ಅಲ್ಲಿ ಕಲ್ಲಿನ ಆನೆ ಮಾಡಿ ಇಟ್ಟಿದ್ದಾರೆ."

"ಸಿಮೆಂಟು?"

"ಆಗ ಎಲ್ಲಿಯ ಸಿಮೆಂಟು? ಸುಣ್ಣ, ಬೆಲ್ಲ, ಉದ್ದಿನ ಹಿಟ್ಟು. ಉದ್ದು ಹಿಂದಿನ ದಿನವೇ ನೆನೆಹಾಕಬೇಕು. ಹಿಟ್ಟು ನುಣ್ಣಗಾಗಬೇಕು, ತರಿ ಉಳಿದರೆ ಗೋಡೆ ನಿಲ್ಲುವುದಿಲ್ಲ."

ಉದ್ದಿನ ವಿಷಯದಲ್ಲಿ ಅವರ ಧ್ವನಿಗೆ ಬಂದ ಅಧಿಕಾರ ನೋಡಿ ಇಡೀ ಸಭೆ ತಲೆದೂಗಿತು. ಮುಂದಿನ ಸಾಲಿನಲ್ಲಿ ನಮ್ಮ ಕಟ್ಟಡದ ಕೆಳಗೆ ದಿನಸಿ ಅಂಗಡಿ ಇಟ್ಟಿದ್ದ ಮುತ್ತಲಿಬ್ ಭಾಯಿ, ಅಬು ಯೂಸುಫರ ಕಿವಿಯಲ್ಲಿ ಎಲ್ಲವನ್ನೂ ಹಿಂದಿಗೆ ತಿರುಗಿಸಿ ಹೇಳುತ್ತಿದ್ದರು. ಅಬು ಯೂಸುಫರು ತೆಳ್ಳಗಿನ, ಕಪ್ಪಗಿನ ಮುದುಕರು. ಅವರ ತಂದೆ ಮುತ್ತಿನ ವ್ಯಾಪಾರಕ್ಕೆ ಬೊಂಬಾಯಿಯಲ್ಲಿ ಮನೆ ಮಾಡಿದ್ದವರಂತೆ. ಮಗನಿಗೆ ಅಲ್ಲಿಯ ಬೀದಿಯ ಹಿಂದಿ ಬಾಯಿಗೆ ಅಂಟಿತ್ತು. ಉದ್ದಿನ ಹಿಟ್ಟಿನ ತನಕ ಬಂದಾಗ ಅವರ ಭುಜ ಅಲುಗುತ್ತಿತ್ತು. ಏರ್‌ಕಂಡೀಶನಿನ ಗಾಳಿ ಜಾಸ್ತಿಯಾಯಿತೆಂದುಕೊಂಡು ನಾನು ಎದ್ದುಹೋಗಿ ಅದನ್ನು ಕಡಿಮೆ ಮಾಡಿಸಿದೆ.

ಮರುದಿನ ಅಬು ಯೂಸುಫರು ಕಮಲಾಕ್ಷಣ್ಣನನ್ನು ಚಹಾಕ್ಕೆ ಕರೆಸಿದರು. ಜತೆಗೆ ನಾನೂ ಹೋದೆ.

"ನೀನು ಅದನ್ನು ನೋಡಿದ್ದೀಯಾ?" ಎಂದು ಕೇಳಿದರು ಹಿಂದಿಯಲ್ಲಿ.

"ನೋಡಿದ್ದೇನೆ ಬಾಬಾ. ಬೇಕಾದಷ್ಟು ಸಲ."

"ಒಳ್ಳೆಯದಾಯಿತು. ನನ್ನ ಕಣ್ಣಿನ ವಿಷಯದಲ್ಲಿ ಡಾಕ್ಟರು ಒಳ್ಳೆಯ ಮಾತು ಹೇಳುತ್ತಿಲ್ಲ. ಪೂರ್ತಿ ಮಂಜಾಗುವ ಮೊದಲು ಅಲ್ಲಿಗೆ ಹೋಗಬೇಕೆಂದು ಆಸೆ. ನವೆಂಬರಿನಲ್ಲಿ ಹೋಗೋಣ. ನೀನು ನನ್ನ ಗೈಡು."

ಕಮಲಾಕ್ಷಣ್ಣ ಹ್ಞೂಂ ಎಂದರು. ಕಫೀಲನಿಗೆ ಊಹ್ಞೂಂ ಎನ್ನುವ ಅಭ್ಯಾಸ ನಮ್ಮಲ್ಲಿ ಯಾರಿಗೂ ಇರಲಿಲ್ಲ.

ಮುಂದಿನ ಎರಡು ತಿಂಗಳು ಕಮಲಾಕ್ಷಣ್ಣ ಆ ಟೂರಿನಿಂದ ತಪ್ಪಿಸಿಕೊಳ್ಳಲು ಪಟ್ಟ ಪಾಡು ಕಂಡವರಿಗೇ ಗೊತ್ತು. ಮೊಣಕಾಲು ನೋವು ಎಂದರು. ಅಬು ಯೂಸುಫರು ತಮ್ಮ ಸ್ವಂತ ಡಾಕ್ಟರಲ್ಲಿಗೆ ಕಳಿಸಿದರು. ಕಾಲು ಇಪ್ಪತ್ತರ ಹುಡುಗನದ್ದರಂತೆ ಇದೆ ಎಂದು ವರದಿ ಬಂತು. ಕ್ಯಾಂಟೀನು ಬಿಟ್ಟು ಬರುವುದು ಕಷ್ಟ ಎಂದರು. ನವೆಂಬರಿಗೆಂದೇ ಒಬ್ಬ ಬದಲಿ ಸೂಪರ್‌ವೈಸರನ ವ್ಯವಸ್ಥೆಯಾಯಿತು. ಈ ನಡುವೆ ಕಟ್ಟಡದವರಿಗೆಲ್ಲ ಸುದ್ದಿ ತಿಳಿದು ಬೇಡಿಕೆ ಶುರುವಾಯಿತು. ಮುತ್ತಲಿಬ್ ಭಾಯಿಯ ಹೆಂಡತಿ ಖತೀಜಮ್ಮನಿಗೆ ಔರಂಗಾಬಾದಿನ ಹಿಮ್ರು ಶಾಲು. ತೆರೆಸಾಬಾಯಿಗೆ ಮಹೇಶ್ವರದ ಸೀರೆ. ಮುತ್ತಲಿಬ್ ಭಾಯಿಗೆ ಮಾತ್ರ ಬೇರೆಯದೇ ಬೇಕಾಗಿತ್ತು.

"ನನಗೆ ಆ ಉದ್ದಿನ ಗೋಡೆಯದ್ದು ಒಂದು ಸಣ್ಣ ತುಂಡು ತನ್ನಿ ಕಮಲಾಕ್ಷಣ್ಣ. ಸಾಂಬಾರಿಗೆ ಹಾಕಿ ನೋಡುವ."

"ತರ್ತಾರೆ, ತರ್ತಾರೆ," ಎಂದರು ರಾಜೀವಕ್ಕ. ಗಂಡನ ಮುಖ ನೋಡಲಿಲ್ಲ.

ಆಗಸ್ಟ್ ಎರಡರ ಬೆಳಿಗ್ಗೆ ಇರಾಕಿನ ಸೈನ್ಯ ಬಂತು. ಸದ್ದಿಗೆ ಎಚ್ಚರವಾಗಿ ನಾವೆಲ್ಲ ಕಟ್ಟಡದ ಮಾಳಿಗೆಗೆ ಓಡಿದೆವು. ಹೆದ್ದಾರಿಯ ಮೇಲೆ ಟ್ಯಾಂಕುಗಳು ಒಂದರ ಹಿಂದೆ ಒಂದು ಹೋಗುತ್ತಿದ್ದವು. ಖತೀಜಮ್ಮ ಅಳುತ್ತಿದ್ದರು.  ಕೊನೆಗೆ ಕಮಲಾಕ್ಷಣ್ಣ ಗಂಟಲು ಸರಿಮಾಡಿಕೊಂಡು ಮೆಲ್ಲಗೆ ಕೇಳಿದರು:

"ಹಾಗಾದ್ರೆ ನವೆಂಬರಿನ ಟೂರು ಕ್ಯಾನ್ಸಲ್, ಅಲ್ವಾ?"

ಮುತ್ತಲಿಬ್ ಭಾಯಿ ಅವರನ್ನು ನೋಡಿದ ನೋಟ ನನಗೆ ಇನ್ನೂ ನೆನಪಿದೆ. ಒಂದು ದೇಶ ಮುಳುಗುತ್ತಿರುವಾಗ ಸಮಾಧಾನದ ಉಸಿರು ಬಿಟ್ಟ ಮನುಷ್ಯ ಇಡೀ ಕುವೈತಿನಲ್ಲಿ ಅವರೊಬ್ಬರೇ ಇರಬೇಕು.

ಆ ಸಮಾಧಾನ ಹೆಚ್ಚು ಕಾಲ ಬಾಳಲಿಲ್ಲ. ಕಂಪೆನಿಯ ಆಫೀಸು ಲೂಟಿಯಾಯಿತು, ಅದರೊಳಗಿದ್ದ ನಮ್ಮ ಪಾಸ್‌ಪೋರ್ಟುಗಳೂ ಹೋದವು. ಸಾಲ್ಮಿಯಾದ ಒಂದು ಶಾಲೆಯಲ್ಲಿ ಭಾರತೀಯರ ಹೆಸರು ಬರೆಸಿಕೊಂಡು ಬಾಗ್ದಾದು, ಅಮ್ಮಾನ್ ದಾರಿಯಾಗಿ ಬೊಂಬಾಯಿಗೆ ಕಳಿಸುತ್ತಾರೆಂದು ಸುದ್ದಿ ಬಂತು. ನಾವು ಹೊರಡುವ ಸಿದ್ಧತೆಯಲ್ಲಿದ್ದಾಗ ಒಂದು ಮಧ್ಯಾಹ್ನ ಅಬು ಯೂಸುಫರು ನಡೆದುಕೊಂಡೇ ನಮ್ಮ ಕಟ್ಟಡಕ್ಕೆ ಬಂದರು. ಗಂಡುಮಕ್ಕಳು ಬೇಸಗೆಗೆಂದು ಹೊರದೇಶಕ್ಕೆ ಹೋದವರು ಅಲ್ಲೇ ಉಳಿದಿದ್ದರು. ಸೈನಿಕರು ಅವರ ಮನೆಗೆ ನುಗ್ಗಿ ಮಕ್ಕಳೆಲ್ಲಿ ಎಂದು ಕೇಳಿ ಹೋಗಿದ್ದರು. ಮತ್ತೆ ಬರುತ್ತೇವೆ ಎಂದಿದ್ದರು. ಪಕ್ಕದ ಮನೆಯ ಯಜಮಾನನನ್ನು ಹಾಗೆಯೇ ಕರೆದುಕೊಂಡು ಹೋಗಿ ದಿನಗಳಾಗಿದ್ದವು, ಆತ ಹಿಂದಿರುಗಿರಲಿಲ್ಲ.

"ನನ್ನ ಮಗಳು ಸಾಲ್ಮಿಯಾದಲ್ಲಿದ್ದಾಳೆ," ಎಂದರು ಅಬು ಯೂಸುಫರು. "ಅವಳ ಮನೆಯವರು ಮರಳುಗಾಡಿನ ದಾರಿಯಲ್ಲಿ ಸೌದಿಗೆ ಹೊರಟಿದ್ದಾರೆ. ಶುಕ್ರವಾರದೊಳಗೆ ಸೇರಿದರೆ ನಾನೂ ಹೋಗಬಹುದು. ದಾರಿಯಲ್ಲಿ ಚೆಕ್‌ಪೋಸ್ಟ್ ಇದೆ."

ಕಫೀಲನೊಬ್ಬ ತನ್ನ ಕೆಲಸದವರ ಮುಂದೆ ಹೀಗೆ ಕೈಕಟ್ಟಿ ನಿಂತದ್ದನ್ನು ನಾನು ಕಂಡಿರಲಿಲ್ಲ. ನನಗೆ ಭಯವಾಯಿತು, ನಾಚಿಕೆಯೂ ಆಯಿತು. ರಾಜೀವಕ್ಕ ಮಾತ್ರ, "ಮೊದಲು ಕೂತ್ಕೊಳ್ಳಲಿ, ಗಂಜಿ ಉಂಟು," ಎಂದು ಒಳಗೆ ಹೋದರು.

ಅಬು ಯೂಸುಫರನ್ನು ಕಂಪೆನಿಯ ಅಡುಗೆಯವನಾಗಿ ಮಾಡಿ ನಾವು ಸಾಲ್ಮಿಯಾದ ಶಾಲೆಗೆ ಹೊರಡುವ ಬಸ್ಸಿನಲ್ಲೇ ಕರೆದೊಯ್ಯುವುದೆಂದು ನಿರ್ಧಾರವಾಯಿತು. ಸುಂದರನೆಂಬ ನಮ್ಮ ಅಡುಗೆಯವನು ರಜೆಯ ಮೇಲೆ ಊರಿಗೆ ಹೋಗಿದ್ದ. ಅವನ ಕಂಪೆನಿ ಕಾರ್ಡು ಕ್ಯಾಂಟೀನಿನ ಗೋಡೆಗೆ ನೇತುಹಾಕಿದ್ದು ಹಾಗೇ ಉಳಿದಿತ್ತು. ಒಗ್ಗರಣೆಯ ಹೊಗೆ ಕುಡಿದ ಆ ಫೋಟೋದಲ್ಲಿ ಸುಂದರನ ತಾಯಿಗೂ ಸುಂದರನ ಗುರುತು ಸಿಗುತ್ತಿರಲಿಲ್ಲ. ಅಬು ಯೂಸುಫರ ಗಡ್ಡ ತೆಗೆಸಿದೆವು. ಅಡುಗೆಯವರಲ್ಲೊಬ್ಬನ ಮಾಸಿದ ಅಂಗಿ, ಪ್ಯಾಂಟು ತೊಡಿಸಿದೆವು. ರಾಜೀವಕ್ಕ ಅವರ ಅಂಗೈಗೆ ಒಂದಿಷ್ಟು ಅರಸಿನ ಉಜ್ಜಿದರು.

ಇನ್ನು ಶಿಕ್ಷಣ ಬಾಕಿ ಇತ್ತು. ಅದನ್ನು ಕಮಲಾಕ್ಷಣ್ಣ ತಾವೇ ವಹಿಸಿಕೊಂಡರು. ಭಾರತೀಯನೆಂದರೆ ಹೇಗಿರಬೇಕೆಂದು ಮೂರು ದಿನ ಅಬು ಯೂಸುಫರಿಗೆ ಪಾಠ ನಡೆಯಿತು. ತಲೆಯನ್ನು ಹೇಗೆ ಅಲ್ಲಾಡಿಸಬೇಕು, ಚಹಾವನ್ನು ಸಾಸರಿಗೆ ಹೇಗೆ ಸುರಿಯಬೇಕು.

"ಅಕಸ್ಮಾತ್ ನಮ್ಮ ದೇಶದ ಬಗ್ಗೆ ಕೇಳಿದರೆ ಬಾಬಾ, ನೀವು ಎಲ್ಲೋರ ಹೇಳಿ. ಆನೆ ನೆನಪಿರಲಿ. ಎಂಟು."

"ಎಂಟು," ಎಂದರು ಅಬು ಯೂಸುಫರು ಶಿಷ್ಯಭಾವದಿಂದ.

"ಮತ್ತೆ ಉದ್ದು."

"ಹಿಂದಿನ ದಿನವೇ ನೆನೆಹಾಕಬೇಕು. ಗೊತ್ತು, ಉಸ್ತಾದ್."

ಕತ್ತಿ ಹಿಡಿದು ಕುಳಿತಿದ್ದ ರಾಜೀವಕ್ಕನ ಕೈ ಮತ್ತೊಮ್ಮೆ ನಿಂತಿತು. ಅವರು ಗಂಡನನ್ನೂ ಮುದುಕರನ್ನೂ ಒಮ್ಮೆ ನೋಡಿ, ಏನನ್ನೋ ನುಂಗಿಕೊಂಡು ಈರುಳ್ಳಿಯ ಕಡೆ ತಿರುಗಿದರು.

ಗುರುವಾರ ಹೊರಟೆವು. ಬಸ್ಸಿನಲ್ಲಿ ಕಟ್ಟಡದವರು, ನಾಲ್ವರು ಅಡುಗೆಯವರು, ಕೊನೆಯ ಸೀಟಿನಲ್ಲಿ ಮಡಿಲ ಮೇಲೆ ಅಲ್ಯೂಮಿನಿಯಂ ಪಾತ್ರೆ ಇಟ್ಟುಕೊಂಡ ಅಬು ಯೂಸುಫರು. ಕಮಲಾಕ್ಷಣ್ಣ ಎಲ್ಲರ ಮುಖಂಡರಾಗಿ ಮುಂದಿನ ಸೀಟಿನಲ್ಲಿ ಕುಳಿತರು. ಇಸ್ತ್ರಿ ಮಾಡಿದ ಅಂಗಿ, ವಾಚು, ಅತ್ತರು ಯಾವುದೂ ತಪ್ಪಿರಲಿಲ್ಲ.

"ಆ ವಾಚು ಒಂದು ಒಳಗಿಡಿ," ಎಂದರು ಮುತ್ತಲಿಬ್ ಭಾಯಿ.

"ಆಫೀಸರುಗಳ ಹತ್ರ ಮಾತಾಡ್ಲಿಕ್ಕುಂಟು. ಸ್ವಲ್ಪ ನೀಟಾಗಿ ಇರ್ಬೇಕು ಮಾರಾಯರೇ."

ಸಾಲ್ಮಿಯಾದ ಕಡೆ ತಿರುಗುವಲ್ಲಿ ಬಸ್ಸನ್ನು ನಿಲ್ಲಿಸಿದರು. ಇಬ್ಬರು ಸೈನಿಕರ ಜತೆ ಒಬ್ಬ ಎಳೆಯ ಅಧಿಕಾರಿ ಹತ್ತಿದ. ನಮ್ಮ ಕಾರ್ಡುಗಳನ್ನು ನೋಡಿದ, ಹಿಂದಕ್ಕೆ ಕೊಟ್ಟ. ಆಮೇಲೆ ಹಿಂದಿಯಲ್ಲಿ ಮಾತಾಡಿದ. 

"ಕಾರ್ಡು ಯಾರು ಬೇಕಾದರೂ ಮಾಡಿಸಬಹುದು. ಕುವೈತಿಗಳು ಭಾರತೀಯರ ಅಂಗಿ ಹಾಕಿ ತಪ್ಪಿಸಿಕೊಳ್ಳುತ್ತಿದ್ದಾರೆ. ನಾನು ಪೂನಾದಲ್ಲಿ ಕಾಲೇಜು ಓದಿದವನು. ಭಾರತೀಯರು ಯಾರು, ಅಲ್ಲದವರು ಯಾರು ಎಂದು ನನಗೆ ಗೊತ್ತಾಗುತ್ತದೆ." ಕಮಲಾಕ್ಷಣ್ಣನನ್ನು ಮೇಲಿಂದ ಕೆಳಗೆ ನೋಡಿದ. "ನೀನು ಎಲ್ಲಿಯವನು?"

"ಮಂಗಳೂರು, ಸಾಹೇಬ್."

ಅಧಿಕಾರಿಗೆ ಮಂಗಳೂರು ಗೊತ್ತಿರಲಿಲ್ಲ. ಅವನ ಹುಬ್ಬು ಗಂಟಿಕ್ಕಿತು. ಅಲ್ಲಿಗೆ ಸುಮ್ಮನಿರಬೇಕಾಗಿತ್ತು. ಆದರೆ ಕಮಲಾಕ್ಷಣ್ಣನ ನಾಲಿಗೆಗೆ ಮೇ ತಿಂಗಳಿನಿಂದ ಒಂದು ರೂಢಿ ಬಿದ್ದಿತ್ತು.

"ಎಲ್ಲೋರದಲ್ಲೂ ಇದ್ದೆ ಸಾಹೇಬ್. ತುಂಬಾ ವರ್ಷ."

ಅಧಿಕಾರಿಯ ಮುಖ ಅರಳಿತು. "ಎಲ್ಲೋರ? ನಾವು ಗೆಳೆಯರೆಲ್ಲ ಹೋಗಿದ್ದೆವು. ಕೈಲಾಸ ನೋಡಿ ನನಗೆ ಆ ದಿನ ಊಟ ಸೇರಲಿಲ್ಲ. ನೀನು ನೋಡಿದ್ದೀಯಾ?"

"ಬೇಕಾದಷ್ಟು ಸಲ."

"ಹೇಳು. ಅದನ್ನು ಎಲ್ಲಿಂದ ಶುರುಮಾಡಿದರು?"

"ತಳಪಾಯದಿಂದ ಸಾಹೇಬ್. ಕಲ್ಲಿನ ಮೇಲೆ ಕಲ್ಲು. ಒಂದೊಂದು ಕಲ್ಲಿಗೆ ಎಂಟು ಆನೆ."

ಅಧಿಕಾರಿಯ ಮುಖದಿಂದ ನಗು ಹೋಯಿತು. ಅವನು ಕಮಲಾಕ್ಷಣ್ಣನ ಮೀಸೆ ನೋಡಿದ, ಹೊಟ್ಟೆ ನೋಡಿದ, ವಾಚು ನೋಡಿದ, ಅತ್ತರು ಮೂಸಿದ. ಸೈನಿಕರಿಗೆ ಅರಬ್ಬಿಯಲ್ಲಿ ಏನೋ ಹೇಳಿದ. ಅವರು ಕಮಲಾಕ್ಷಣ್ಣನ ರಟ್ಟೆ ಹಿಡಿದು ಕೆಳಗಿಳಿಸಿ ರಸ್ತೆಯ ಬದಿಯಲ್ಲಿ ಕೈ ಮೇಲೆತ್ತಿಸಿ ನಿಲ್ಲಿಸಿದರು. ಕೈಲಾಸವನ್ನು ನೋಡಿದ ಮನುಷ್ಯ ಅದನ್ನು ಕಟ್ಟಿದರು ಎನ್ನುವುದು ಸಾಧ್ಯವೇ ಇಲ್ಲವೆಂದು ಆತ ನಮಗೆ ಹಿಂದಿಯಲ್ಲಿ ವಿವರಿಸಿದ. ಇವನು ಕುವೈತಿ, ಯಾರೋ ಹೇಳಿಕೊಟ್ಟದ್ದನ್ನು ಬಾಯಿಪಾಠ ಮಾಡಿ ಬಂದಿದ್ದಾನೆ ಎಂದ.

ಆಮೇಲೆ ಬಸ್ಸಿನ ಹಿಂದಕ್ಕೆ ನಡೆದು ಪಾತ್ರೆ ಹಿಡಿದ ಮುದುಕನೆದುರು ನಿಂತ.

"ನೀನು ಹೇಳು ಅಜ್ಜ. ಎಲ್ಲೋರ ಕೇಳಿದ್ದೀಯಾ?"

 ಎಂಟು ಆನೆಗಳು ಈಗ ಬಂದೇ ಬರುತ್ತವೆ ಎಂದುಕೊಂಡೆ. ಅಬು ಯೂಸುಫರು ಅಚ್ಚ ಬೊಂಬಾಯಿ ಹಿಂದಿಯಲ್ಲಿ ಹೇಳಿದರು:

"ನೋಡಿದ್ದೇನೆ ಸಾಹೇಬ್. ಚಿಕ್ಕವನಿದ್ದಾಗ ಅಪ್ಪ ಖುಲ್ದಾಬಾದಿನ ದರ್ಗಾಕ್ಕೆ ಕರೆದುಕೊಂಡು ಹೋಗಿದ್ದರು. ಅಲ್ಲಿಂದ ಟಾಂಗಾದಲ್ಲಿ ಗುಡ್ಡ ಇಳಿದು ಎಲ್ಲೋರಕ್ಕೆ ಹೋದೆವು. ಅದನ್ನು ಕಟ್ಟಿಲ್ಲ, ಕಡೆದದ್ದು. ಗುಡ್ಡದ ನೆತ್ತಿಯಿಂದ ಶುರುಮಾಡಿ ಕೆಳಗೆ ಕೆಳಗೆ ಇಳಿದರು. ಮೊದಲು ಶಿಖರ, ಕೊನೆಗೆ ಮೆಟ್ಟಿಲು. ಒಂದು ಏಟು ತಪ್ಪಿದ್ದರೆ ಮತ್ತೆ ಸೇರಿಸಲು ಕಲ್ಲಿಲ್ಲ. ಅಪ್ಪ ಅಲ್ಲಿ ನಿಂತು ಬಹಳ ಹೊತ್ತು ಮಾತೇ ಆಡಲಿಲ್ಲ."

"ಇವನು," ಎಂದ ಅಧಿಕಾರಿ ಎಲ್ಲರಿಗೂ ಕೇಳುವಂತೆ, "ಇವನು ಭಾರತೀಯ."

ಹೀಗೆ ನಮ್ಮ ಕುವೈತಿ ಭಾರತೀಯನೆಂದು ಪಾಸಾದರು. ನಮ್ಮ ಭಾರತೀಯ ಕುವೈತಿಯಾಗಿ ಬಿಸಿಲಲ್ಲಿ ನಿಂತಿದ್ದರು. ನಗು ಬರುವ ವಿಷಯವೇ, ಆದರೆ ಬಸ್ಸಿನಲ್ಲಿ ಯಾರಿಗೂ ನಗು ಬರಲಿಲ್ಲ. ಹಾಗೆ ಇಳಿಸಿಕೊಂಡವರನ್ನು ಎಲ್ಲಿಗೆ ಒಯ್ಯುತ್ತಾರೆಂದು ಯಾರಿಗೂ ಗೊತ್ತಿರಲಿಲ್ಲ. ಒಂದು ಜೀಪು ಹಿಂದಕ್ಕೆ ಬಂದು ಕಮಲಾಕ್ಷಣ್ಣನ ಪಕ್ಕ ನಿಂತಿತು. ಕಿಟಕಿಯ ಮೂಲಕ ಅವರ ಮುಖ ನನಗೆ ಕಾಣುತ್ತಿತ್ತು. ಎತ್ತಿದ ಕೈಗಳಲ್ಲಿ ಒಂದನ್ನು ಸ್ವಲ್ಪ ಬಾಗಿಸಿ, ನಿಜವಾದ ಕುವೈತಿ ಅಗೋ ಅಲ್ಲಿ ಕೂತಿದ್ದಾನೆ ಎಂದು ತೋರಿಸಿದ್ದರೆ ಸಾಕಿತ್ತು. ಅವರು ತೋರಿಸಲಿಲ್ಲ. ಹಿಂದಿನ ಸೀಟಿನ ಕಡೆ ಕಣ್ಣು ಸಹ ಹೊರಳಿಸಲಿಲ್ಲ. ಆ ಮನುಷ್ಯನನ್ನು ನಾನು ಅಷ್ಟು ದಿನ ತಮಾಷೆ ಮಾಡಿದ್ದೆ.

ಹಿಂದೆ ಪಾತ್ರೆಯ ಸದ್ದಾಯಿತು. ಅಬು ಯೂಸುಫರು ಅದನ್ನು ಕೆಳಗಿಟ್ಟು ಏಳಲು ನೋಡುತ್ತಿದ್ದರು. ಏನು ಹೇಳಲು ಹೊರಟಿದ್ದರೆಂದು ನಮಗೆಲ್ಲ ತಿಳಿಯಿತು. ಆದರೆ ಅವರಿಗಿಂತ ಮೊದಲು ರಾಜೀವಕ್ಕ ಎದ್ದರು. ಔರಂಗಾಬಾದಿನ ಕಡೆಯಲ್ಲಿ ಕಲಿತ ಒರಟು ಹಿಂದಿಯಲ್ಲಿ, ಅಧಿಕಾರಿಯ ಎದುರು ನಿಂತು, ಒಂದೇ ಸಮನೆ ಹೇಳಿದರು.

"ಸಾಹೇಬ್, ಅವರು ಏನೂ ನೋಡಿಲ್ಲ. ನನ್ನ ಗಂಡ. ಎಲ್ಲೋರದಲ್ಲಿ ಇದ್ದದ್ದು ನಿಜ, ಗುಹೆಯಲ್ಲಿ ಅಲ್ಲ, ಎದುರಿನ ಹೋಟೆಲಿನಲ್ಲಿ. ಗುಹೆ ತೆರೆಯುವ ಹೊತ್ತಿಗೆ ಹೋಟೆಲು ತೆರೆಯಬೇಕು. ಗುಹೆ ಮುಚ್ಚುವ ತನಕ ಗಿರಾಕಿ. ಮುಚ್ಚಿದ ಮೇಲೆ ಪಾತ್ರೆ. ಇವರು ಯಾವಾಗ ನೋಡುವುದು? ಮದುವೆಯಾಗಿ ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋದರು. ರಸ್ತೆ ದಾಟಿಸಿ ಒಮ್ಮೆ ತೋರಿಸಿ ಎಂದೆ. ಇವತ್ತು ರಶ್ ಉಂಟು, ನಾಳೆ ಎಂದರು. ಒಂದು ವರ್ಷ ನಾಳೆ ನಾಳೆ ಎಂದರು. ನಾನು ಅಲ್ಲಿ ಕೂತು ತೆಂಗಿನಕಾಯಿ ತುರಿದದ್ದು. ಆನೆಯ ಕತೆ ಇವರೇ ಮಾಡಿದ್ದು ಸಾಹೇಬ್. ಅದು ಸುಳ್ಳು ಎಂದು ನನಗೆ ಮೊದಲೇ ಗೊತ್ತಿತ್ತು. ಜನ ಚಪ್ಪಾಳೆ ತಟ್ಟಿದರು, ಇವರಿಗೆ ಸಂತೋಷವಾಯಿತು, ನಾನು ಸುಮ್ಮನಿದ್ದೆ."

ಹೇಳಿ ಮುಗಿಸಿ ಸೆರಗಿನಿಂದ ಮುಖ ಒರೆಸಿಕೊಂಡರು. ಅಧಿಕಾರಿ ಅವರನ್ನೇ ನೋಡುತ್ತಿದ್ದ. ಆಮೇಲೆ ಬಸ್ಸಿನ ಬಾಗಿಲಿಗೆ ಹೋಗಿ ಕಮಲಾಕ್ಷಣ್ಣನನ್ನು ಕೇಳಿದ:

"ಹೋಟೆಲಿನಲ್ಲಿ ನೀನು ಏನು ಮಾಡುತ್ತಿದ್ದೆ?"

ಕಮಲಾಕ್ಷಣ್ಣನ ಕಿವಿ ಕೆಂಪಾಗಿತ್ತು.  "ಸಪ್ಲಾಯರ್, ಸಾಹೇಬ್," ಎಂದರು. "ಆರ್ಡರು ಕೂಗುವುದು. ಪೂನಾದಿಂದ ನಿಮ್ಮಂಥ ಅರಬಿ ಹುಡುಗರು ಬರುತ್ತಿದ್ದರು. ಚಹಾಕ್ಕೆ ಸಕ್ಕರೆ ಸಾಲದು ಎನ್ನುತ್ತಿದ್ದರು. ನಾನು ಹಾಕಿ ಕೊಡುತ್ತಿದ್ದೆ. ಸಕ್ಕರೆ ಮುಗಿಯಿತೆಂದು ಯಜಮಾನರು ನನಗೆ ಬೈಯುತ್ತಿದ್ದರು."

"ಕೂಗು."

ಕಮಲಾಕ್ಷಣ್ಣ ಕೈ ಎತ್ತಿದ್ದ ಹಾಗೆಯೇ ಕಣ್ಣು ಮುಚ್ಚಿದರು. ಆ ಬಯಲು ರಸ್ತೆಯಲ್ಲಿ, ಜೀಪಿನ ಮತ್ತು ಬಂದೂಕುಗಳ ನಡುವೆ, ಅವರ ಧ್ವನಿ ಎದ್ದಿತು. ಹೋಟೆಲಿನ ಗದ್ದಲ ದಾಟಿ ಒಲೆಯ ತನಕ ಮುಟ್ಟಬೇಕಾದ ಧ್ವನಿ ಅದು.

"ಏಕ್ ಸಾದಾ ಕಡಕ್, ದೋ ಮಸಾಲಾ, ಚಾರ್ ಚಾಯ್, ಚಾರೋಂ ಮೇ ಶಕ್ಕರ್ ಜಾಸ್ತೀ…"

"ಬಂತೂ…" 

ಬಸ್ಸಿನೊಳಗಿದ್ದ ನಾಲ್ವರು ಅಡುಗೆಯವರು, ತಮಗೆ ಗೊತ್ತಿಲ್ಲದೆಯೇ, ಒಟ್ಟಿಗೆ ಕೂಗಿದ್ದರು. ಒಂದು ಕ್ಷಣ ತಡವಾಗಿ, ಕೊನೆಯ ಸೀಟಿನಿಂದ ಅಬು ಯೂಸುಫರೂ "ಬಂತೂ" ಎಂದರು.

ಅಧಿಕಾರಿ ಬಹಳ ಹೊತ್ತು ಸಮುದ್ರದ ಕಡೆ ಮುಖ ತಿರುಗಿಸಿ ನಿಂತ. ಅವನಿಗೆ ಎಷ್ಟು ಅರ್ಥವಾಯಿತು, ಮುದುಕರ ವಿಷಯ ತಿಳಿಯಿತೋ ಇಲ್ಲವೋ, ನನಗೆ ಇಂದಿಗೂ ಗೊತ್ತಿಲ್ಲ. ಸೈನಿಕರಿಗೆ ಕೈಸನ್ನೆ ಮಾಡಿದ. ಕಮಲಾಕ್ಷಣ್ಣನನ್ನು ಬಸ್ಸಿಗೆ ಹತ್ತಿಸಿದರು.

"ಒಮ್ಮೆ ರಸ್ತೆ ದಾಟಿ ನೋಡು," ಎಂದ ಅವರಿಗೆ. ಡ್ರೈವರಿಗೆ "ಯಲ್ಲಾ" ಎಂದ.

ಬಸ್ಸು ಸಾಲ್ಮಿಯಾದ ಕಡೆ ಹೊರಟಿತು. ಕಮಲಾಕ್ಷಣ್ಣ ಹೆಂಡತಿಯ ಪಕ್ಕ ತಲೆ ತಗ್ಗಿಸಿ ಕುಳಿತಿದ್ದರು. ಮುತ್ತಲಿಬ್ ಭಾಯಿ ಏನಾದರೂ ಹೇಳುತ್ತಾರೆಂದು ನಾನು ಕಾದೆ. ಅವರು ತಮ್ಮ ನೀರಿನ ಬಾಟ್ಲಿಯ ಮುಚ್ಚಳ ತೆಗೆದು ಕಮಲಾಕ್ಷಣ್ಣನ ಕೈಗೆ ಕೊಟ್ಟರು, ಅಷ್ಟೆ. ಮಗಳ ಮನೆಯ ಓಣಿಯಲ್ಲಿ ಇಳಿಯುವಾಗ ಅಬು ಯೂಸುಫರು ಕಮಲಾಕ್ಷಣ್ಣನ ತಲೆಯ ಮೇಲೆ ಕೈಯಿಟ್ಟರು. ಪಾತ್ರೆಯನ್ನು ರಾಜೀವಕ್ಕನಿಗೆ ಹಿಂತಿರುಗಿಸಲು ಮರೆತು ಹಿಡಿದುಕೊಂಡೇ ಹೋದರು.

ನಾವು ಅಮ್ಮಾನಿನಿಂದ ಬೊಂಬಾಯಿಗೆ ಬಂದೆವು. ಎಲ್ಲರೂ ಊರಿನ ಬಸ್ಸು ಹಿಡಿದರೆ ರಾಜೀವಕ್ಕ ಗಂಡನನ್ನು ಔರಂಗಾಬಾದಿನ ಬಸ್ಸು ಹತ್ತಿಸಿದರು. ಅಲ್ಲಿ ನಡೆದದ್ದನ್ನು ನಾನು ಮುಂದಿನ ವರ್ಷದ ಕೊನೆಗೆ ಕೇಳಿದೆ. ಆಗ ಯುದ್ಧ ಮುಗಿದು, ಎಣ್ಣೆಬಾವಿಗಳ ಬೆಂಕಿ ಆರಿ, ನಾವು ಒಬ್ಬೊಬ್ಬರಾಗಿ ಕುವೈತಿಗೆ ಹಿಂದಿರುಗಿದ್ದೆವು. ಮಂಗಫ್‌ನ ಗೋಡೆಗಳ ಮೇಲೆ ಇನ್ನೂ ಮಸಿ ಇತ್ತು. ಅಬು ಯೂಸುಫರೂ ಸೌದಿಯಿಂದ ಬಂದಿದ್ದರು. ಕಮಲಾಕ್ಷಣ್ಣ ದಂಪತಿಗೆ ವೀಸಾ ಕಳಿಸಿದವರು ಅವರೇ.

ನಮ್ಮನ್ನೆಲ್ಲ ಮನೆಗೆ ಕರೆದಿದ್ದರು. ಬಾಗಿಲಿಗೆ ಮಗಳು ಅವರ ಕೈಹಿಡಿದು ಕರೆತಂದಳು. ಕಣ್ಣು ಪೂರ್ತಿ ಹೋಗಿತ್ತು. ಯಾರು ಎಲ್ಲಿ ಕುಳಿತಿದ್ದಾರೆಂದು ಧ್ವನಿಯಿಂದಲೇ ಗುರುತಿಸಿಕೊಂಡರು. ಗೋಡೆಯ ಗೂಡಿನಲ್ಲಿ ನಮ್ಮ ಅಲ್ಯೂಮಿನಿಯಂ ಪಾತ್ರೆ ಇತ್ತು.

"ಉಸ್ತಾದ್," ಎಂದರು. "ಈಗಲಾದರೂ ನೋಡಿದೆಯಾ?"

ಕಮಲಾಕ್ಷಣ್ಣ ಕಪ್ಪು ಕೆಳಗಿಟ್ಟರು. ಕೋಣೆಯಲ್ಲಿ ಎಲ್ಲರೂ ಅವರನ್ನೇ ನೋಡುತ್ತಿದ್ದೆವು. ಕುರುಡರಾದ ಮುದುಕರ ಎದುರು ಹ್ಞೂಂ ಎಂದುಬಿಡುವುದು ಎಷ್ಟು ಸುಲಭವಾಗಿತ್ತು.

"ಇಲ್ಲ ಬಾಬಾ," ಎಂದರು. "ನೋಡಿಲ್ಲ."

"ಯಾಕೆ? ಹೋಗಿದ್ದೆಯಂತಲ್ಲ."

"ಹೋಗಿದ್ದೆ. ದಸರಾ ರಜೆ. ಭಯಂಕರ ರಶ್. ಹೋಟೆಲಿನಲ್ಲಿ ಒಬ್ಬ ಸಪ್ಲಾಯರ್ ಓಡಿಹೋಗಿದ್ದ. ಯಜಮಾನರು ನನ್ನನ್ನು ನೋಡಿದ್ದೇ, ಒಳ್ಳೆ ಹೊತ್ತಿಗೆ ಬಂದೆ ಮಾರಾಯ ಎಂದರು."

"ಅಂಗಿ ಬಿಚ್ಚಿ ನಿಂತೇಬಿಟ್ಟರು," ಎಂದರು ರಾಜೀವಕ್ಕ. "ನಾನೊಬ್ಬಳೇ ರಸ್ತೆ ದಾಟಿದೆ. ನೀವು ಹೇಳಿದ ಹಾಗೇ ಉಂಟು ಬಾಬಾ. ಮೇಲಿಂದ ಕೆಳಗೆ. ನನಗೂ ಅಲ್ಲಿ ಮಾತು ಬರಲಿಲ್ಲ."

ಅಬು ಯೂಸುಫರ ಭುಜ ಅಲುಗತೊಡಗಿತು. ಈ ಸಲ ಏರ್‌ಕಂಡೀಶನ್ ಇರಲಿಲ್ಲ. ನಕ್ಕು ನಕ್ಕು, ಕಾಣದ ಕಣ್ಣು ಒರೆಸಿಕೊಂಡು, ಕಮಲಾಕ್ಷಣ್ಣನ ಕಡೆಗೆ ಕೈ ಚಾಚಿದರು.

"ನೋಡಿದ್ದೇನೆ ಎಂದಿದ್ದರೆ ಬೇರೆ ಗೈಡನ್ನು ಹುಡುಕುತ್ತಿದ್ದೆ," ಎಂದರು. "ನೋಡಿದವರು ನೆನಪಿನಲ್ಲಿದ್ದದ್ದನ್ನು ಹೇಳುತ್ತಾರೆ. ಅದು ನನ್ನಲ್ಲೂ ಇದೆ. ನೀನು ಅಲ್ಲಿ ನನ್ನ ಪಕ್ಕ ನಿಂತು ಮೊದಲ ಸಲ ನೋಡು. ಏನು ಕಾಣುತ್ತದೋ ಅದನ್ನು ಹೇಳು. ಚಳಿಗಾಲ ಮುಗಿಯುವ ಮೊದಲು ಹೋಗೋಣ."

ಕಮಲಾಕ್ಷಣ್ಣ ಎದ್ದು ಹತ್ತಿರ ಬಂದರು. ಮುದುಕರ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ತಲೆಯಾಡಿಸಿದರು. ಅದು ಅವರಿಗೆ ಕಾಣಿಸುವುದಿಲ್ಲವೆಂದು ನೆನಪಾಗಿ, "ಹ್ಞೂಂ ಬಾಬಾ," ಎಂದರು.

"ನಾನೂ ಬರ್ತೇನೆ," ಎಂದರು ರಾಜೀವಕ್ಕ ಕಪ್ಪುಗಳನ್ನು ಎತ್ತಿಕೊಳ್ಳುತ್ತಾ. "ಇವರನ್ನು ರಸ್ತೆ ದಾಟಿಸ್ಲಿಕ್ಕೆ ಜನ ಬೇಕಲ್ಲ."